ಮೂಡಿಗೆರೆ ಕಡೆಯ ಹಳೇ ಮನೆ. ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ 8 ಎಂಬಿಪಿಎಸ್ ಇರಬೇಕಾದದ್ದು 2ಕ್ಕೆ ಇಳಿದಿದೆ, ಮಳೆಗಾಲದಲ್ಲಿ ಪದೇ ಪದೇ ಕಟ್ ಆಗುತ್ತದೆ. ಮನೆಯೊಳಗಿನ ಫೋನ್ ವೈರಿಂಗ್ ಕಾರಣವೇ?

ಬಹಳ ಸಲ ಅದೇ ಕಾರಣ. ಮೊದಲು ಖಚಿತ ಮಾಡಿಕೊಳ್ಳಿ. ಕಂಬದಿಂದ ಬರುವ ತಂತಿ ಸೇರುವ ಮೊದಲ ಡಬ್ಬಿಯಲ್ಲಿ, ಒಳಗೆ ಹೋಗುವ ತಂತಿಗಳನ್ನೆಲ್ಲ ಬಿಚ್ಚಿ, ಮೋಡೆಮ್ ಒಂದನ್ನೇ ಅಲ್ಲಿ ಜೋಡಿಸಿ. ಬ್ರೌಸರ್‌ನಲ್ಲಿ ತೆರೆಯುವ ಮೋಡೆಮ್ ಪುಟದಲ್ಲಿ (ವಿಳಾಸ ಸಾಮಾನ್ಯವಾಗಿ 192.168.1.1) ಎಸ್‌ಎನ್‌ಆರ್ ಮಾರ್ಜಿನ್ ನೋಡಿ, ಅಂದರೆ ಗದ್ದಲದ ನಡುವೆ ಸಿಗ್ನಲ್‌ಗೆ ಎಷ್ಟು ಹೆಚ್ಚುವರಿ ಬಲ ಉಳಿದಿದೆ ಎಂಬ ಅಳತೆ. 6 ಡಿಬಿಗಿಂತ (ಡೆಸಿಬೆಲ್) ಕಡಿಮೆಯಿದ್ದರೆ ಲೈನ್ ನಿಲ್ಲುವುದು ಕಷ್ಟ. ಇಲ್ಲಿ ಮಾರ್ಜಿನ್, ವೇಗ ಎರಡೂ ಏರಿದರೆ ದೋಷ ಮನೆಯೊಳಗಿದೆ. ಏರದಿದ್ದರೆ ಹೊರಗಿನ ಲೈನ್ ಬಗ್ಗೆ ಫೋನ್ ಕಂಪನಿಗೆ ದೂರು ಕೊಡಿ.

ಡಬ್ಬಿ ಬಿಚ್ಚಿದಾಗ ಸ್ಕ್ರೂ ಸುತ್ತ ಹಸಿರು ಕಿಲುಬು ಕಾಣುತ್ತದೆಯೇ? ಮಲೆನಾಡಿನ ಥಂಡಿಗೆ ತಾಮ್ರ ಹೀಗಾಗುತ್ತದೆ. ತುದಿಯ 2 ಸೆಂ.ಮೀ. ಕತ್ತರಿಸಿ, ಹೊಸದಾಗಿ ಸುಲಿದು ಬಿಗಿ ಮಾಡಿ. ಸ್ಕ್ರೂಗೂ ತುಕ್ಕು ಹಿಡಿದಿದ್ದರೆ ಡಬ್ಬಿಯನ್ನೇ ಬದಲಿಸಿ. ಗುಡುಗು ಸಿಡಿಲಿದ್ದಾಗ ಮುಟ್ಟಲೇಬೇಡಿ. ರಿಂಗ್ ಬರುವಾಗಲೂ ಈ ತಂತಿ ಶಾಕ್ ಹೊಡೆಯುತ್ತದೆ.

ಹೆಚ್ಚು ಜನರ ಕಣ್ಣಿಗೆ ಬೀಳದ ದೋಷವೆಂದರೆ ಅಟ್ಟಕ್ಕೋ ಹಿಂದಿನ ಕೋಣೆಗೋ ಎಳೆದು ಬಿಟ್ಟ ಹಳೇ ಎಕ್ಸ್‌ಟೆನ್ಶನ್ ತಂತಿ. ಫೋನ್ ಇಲ್ಲದಿದ್ದರೂ ಆ ತುದಿಯಿಂದ ಸಿಗ್ನಲ್ ಪ್ರತಿಫಲಿಸಿ ಬಂದು ಮೂಲ ಸಿಗ್ನಲ್ಲನ್ನೇ ಕೆಡಿಸುತ್ತದೆ. ಅದನ್ನು ಡಬ್ಬಿಯಲ್ಲೇ ಕಳಚಿ.

ಫೋನ್ ಮತ್ತು ಇಂಟರ್ನೆಟ್ ಸಿಗ್ನಲ್ ಬೇರ್ಪಡಿಸುವ ಸ್ಪ್ಲಿಟರ್ ಒಂದೇ ಸಾಕು, ಆದರೆ ಮೊದಲ ಡಬ್ಬಿಯ ಪಕ್ಕದಲ್ಲೇ ಇರಬೇಕು. ಎಲ್ಲ ಫೋನ್‌ಗಳೂ ಅದರ ಫೋನ್ ಕಿಂಡಿಯಿಂದಲೇ ಹೋಗಲಿ. ಮೋಡೆಮ್ ದೂರವಿದ್ದರೆ ಚಪ್ಪಟೆ ವೈರ್ ಬೇಡ, ಕ್ಯಾಟ್-5 ಕೇಬಲ್ಲಿನ (ಕಂಪ್ಯೂಟರ್ ನೆಟ್‌ವರ್ಕ್ ಕೇಬಲ್) ಹೆಣೆದ ಒಂದು ಜೋಡಿ ತಂತಿ ಎಳೆಯಿರಿ, ಇನ್ವರ್ಟರ್ ಮತ್ತು ಕರೆಂಟ್ ವೈರಿನಿಂದ ದೂರವಾಗಿ.