ಲಾಗಿನ್ ಆದವರಿಗೇ ಮತ್ತೆ ಪಾಸ್‌ವರ್ಡ್ ಕೇಳುವುದೇಕೆ?

ಪ್ರಶ್ನೆ: ಪಿಎಚ್‌ಪಿಯಲ್ಲಿ ಬರೆದ ನನ್ನ ವೆಬ್ ಅಪ್ಲಿಕೇಶನ್ ಒಂದೇ ಸರ್ವರ್‌ನಲ್ಲಿದ್ದಾಗ ಚೆನ್ನಾಗಿ ನಡೆಯುತ್ತಿತ್ತು. ಎರಡನೆಯ ಸರ್ವರ್ ಸೇರಿಸಿ ಮುಂದೆ ಕೋರಿಕೆಗಳನ್ನು ಎರಡಕ್ಕೂ ಹಂಚುವ ಲೋಡ್ ಬ್ಯಾಲೆನ್ಸರ್ ಇಟ್ಟ ಮೇಲೆ, ಆಗತಾನೇ ಲಾಗಿನ್ ಆದವರಿಗೂ ಮತ್ತೆ ಪಾಸ್‌ವರ್ಡ್ ಕೇಳುತ್ತಿದೆ. ಪುಟವನ್ನು ರಿಫ್ರೆಶ್ ಮಾಡಿದರೆ ಕೆಲವೊಮ್ಮೆ ತಾನಾಗಿಯೇ ಸರಿಹೋಗುತ್ತದೆ. ಕುಕೀಯಲ್ಲಿ ದೋಷವಿದೆಯೇ?

ಉತ್ತರ: ಕುಕೀಯಲ್ಲಿ ದೋಷವಿಲ್ಲ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ವಿಧಾನವಾದ ಎಚ್‌ಟಿಟಿಪಿಗೆ ಹಿಂದಿನ ಕೋರಿಕೆಯ ನೆನಪಿರುವುದಿಲ್ಲವಾದ್ದರಿಂದ ಬ್ರೌಸರ್ ಪ್ರತಿ ಸಲವೂ ಕುಕೀಯಲ್ಲಿ ಒಂದು ಗುರುತಿನ ಸಂಖ್ಯೆಯನ್ನು, ಅಂದರೆ ಸೆಷನ್ ಐಡಿಯನ್ನು, ಕಳುಹಿಸುತ್ತದೆ. ಬಳಕೆದಾರ ಯಾರು ಎಂಬ ಮಾಹಿತಿ, ಅಂದರೆ ಸೆಷನ್, ಮಾತ್ರ ಸರ್ವರ್‌ನಲ್ಲೇ ಉಳಿಯುತ್ತದೆ. ಪಿಎಚ್‌ಪಿ ಅದನ್ನು ಬೇರೆ ಸೂಚನೆಯಿಲ್ಲದಿದ್ದರೆ ತಾನಿರುವ ಯಂತ್ರದ ಡಿಸ್ಕ್‌ನಲ್ಲೇ ಒಂದು ಫೈಲಾಗಿ ಬರೆದಿಡುತ್ತದೆ. ಮೊದಲ ಸರ್ವರ್‌ನಲ್ಲಿರುವ ಆ ಫೈಲು ಎರಡನೆಯದಕ್ಕೆ ಕಾಣುವುದಿಲ್ಲ. ಕೋರಿಕೆ ಅಲ್ಲಿಗೆ ಹೋದಾಗ ಬಳಕೆದಾರ ಅಪರಿಚಿತನಾಗುತ್ತಾನೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ರಿಫ್ರೆಶ್‌ನ ಮಾತು. ಎರಡನೆಯ ಸರ್ವರ್ ತನಗೆ ಗೊತ್ತಿಲ್ಲದ ಐಡಿಯನ್ನು ತಿರಸ್ಕರಿಸಿ ಹೊಸದನ್ನು ಕೊಟ್ಟಿದ್ದರೆ ಹಳೆಯ ಕುಕೀ ಅಳಿಸಿಹೋಗಿ, ಮೊದಲ ಸರ್ವರ್‌ಗೆ ಮರಳಿದರೂ ಪ್ರಯೋಜನವಾಗುತ್ತಿರಲಿಲ್ಲ. ನಿಮ್ಮಲ್ಲಿ ಹಾಗಾಗದೆ ಎರಡನೆಯ ಸರ್ವರ್ ಅದೇ ಐಡಿಯ ಹೆಸರಿನಲ್ಲಿ ಖಾಲಿ ಸೆಷನ್ ತೆರೆಯುತ್ತಿದೆ ಎಂದರೆ, ಗೊತ್ತಿಲ್ಲದ ಐಡಿಯನ್ನು ತಿರಸ್ಕರಿಸುವ ಪಿಎಚ್‌ಪಿಯ ಸ್ಟ್ರಿಕ್ಟ್ ಮೋಡ್ ಎಂಬ ಸೆಟ್ಟಿಂಗ್ ಆಫ್ ಆಗಿದೆ ಎಂದೇ ಅರ್ಥ. ಬೇರೊಬ್ಬರು ತಾವೇ ಸೃಷ್ಟಿಸಿದ ಐಡಿಯನ್ನು ನಿಮ್ಮ ಬಳಕೆದಾರರ ಬ್ರೌಸರ್‌ಗೆ ದಾಟಿಸಿ, ಅವರು ಲಾಗಿನ್ ಆದೊಡನೆ ಅದೇ ಐಡಿಯಿಂದ ಒಳನುಗ್ಗುವ ಸೆಷನ್ ಫಿಕ್ಸೇಷನ್ ದಾಳಿಗೆ ಇದು ಅನುಕೂಲ. ನನ್ನ ದೃಷ್ಟಿಯಲ್ಲಿ ನೀವು ಕೇಳಿದ ತೊಂದರೆಗಿಂತ ಇದು ದೊಡ್ಡದು. ಲಾಗಿನ್ ಯಶಸ್ವಿಯಾದ ಕೂಡಲೇ ಐಡಿಯನ್ನು ಬದಲಿಸುವುದು ಇದಕ್ಕೆ ಮುಖ್ಯ ತಡೆ.

ಒಬ್ಬ ಬಳಕೆದಾರನನ್ನು ಸದಾ ಒಂದೇ ಸರ್ವರ್‌ಗೆ ಕಳುಹಿಸುವಂತೆ ಲೋಡ್ ಬ್ಯಾಲೆನ್ಸರ್‌ಗೆ ಹೇಳಬಹುದು. ಆದರೆ ಆ ಸರ್ವರ್ ಕೆಟ್ಟು ನಿಂತರೆ ಅದರಲ್ಲಿದ್ದವರೆಲ್ಲರೂ ಒಟ್ಟಿಗೆ ಹೊರಬೀಳುತ್ತಾರೆ. ಆದ್ದರಿಂದ ಸೆಷನ್‌ಗಳನ್ನು ರೆಡಿಸ್‌ನಂಥ, ಎರಡೂ ಸರ್ವರ್‌ಗಳು ಓದಬಲ್ಲ ಸಾಮಾನ್ಯ ಸಂಗ್ರಹಕ್ಕೆ ಸಾಗಿಸುವುದೇ ಲೇಸು. ಒಂದು ಎಚ್ಚರಿಕೆ: ಒಂದು ಕೋರಿಕೆ ಮುಗಿಯುವವರೆಗೆ ಇನ್ನೊಂದನ್ನು ಕಾಯಿಸಲು ಫೈಲಿನ ಸೆಷನ್‌ಗೆ ತಾನಾಗಿ ಬೀಳುತ್ತಿದ್ದ ಲಾಕ್, ಪಿಎಚ್‌ಪಿಯ ರೆಡಿಸ್ ಎಕ್ಸ್‌ಟೆನ್ಷನ್‌ನಲ್ಲಿ ನೀವು ಆನ್ ಮಾಡದೆ ಬೀಳುವುದಿಲ್ಲ. ಒಂದೇ ಬ್ರೌಸರ್‌ನಿಂದ ಏಕಕಾಲಕ್ಕೆ ಬಂದ ಎರಡು ಕೋರಿಕೆಗಳಲ್ಲಿ ಒಂದು ಬರೆದದ್ದನ್ನು ಇನ್ನೊಂದು ಅಳಿಸಿಹಾಕುವ ಸಂಭವವಿರುತ್ತದೆ.

ಸ್ಟ್ರಿಕ್ಟ್ ಮೋಡನ್ನು ಈ ಸ್ಥಳಾಂತರ ಮುಗಿದ ಮೇಲೆಯೇ ಆನ್ ಮಾಡಿ. ಮೊದಲೇ ಮಾಡಿದರೆ ಈಗ ರಿಫ್ರೆಶ್‌ನಿಂದ ಸರಿಹೋಗುತ್ತಿರುವುದೂ ನಿಂತುಹೋಗುತ್ತದೆ.