ಹನ್ನೊಂದು ವರ್ಷದ ಶಾರ್ಡೊನೇ ಇನ್ನೂ ಕುಡಿಯುವ ಹಾಗಿರುತ್ತಾ?

ಹನ್ನೊಂದು ವರ್ಷದ ಶಾರ್ಡೊನೇ (ಆ ಹೆಸರಿನ ದ್ರಾಕ್ಷಿಯ ಬಿಳಿ ವೈನ್) ನಾಲ್ಕು ಬಾಟಲಿ ಇದೆ, ನೆಲಮಾಳಿಗೆಯಲ್ಲಿ ಮಲಗಿಸಿಟ್ಟಿದ್ದೇನೆ, ಬಣ್ಣ ಚಿನ್ನದ ಹಾಗಾಗಿದೆ ಅಂತ ಬರೆದಿದ್ದೀರಿ. ಬಿಳಿ ವೈನ್ ಅಷ್ಟು ದಿನ ಇಡಬಾರದು ಅಂತ ಯಾರೋ ಹೆದರಿಸಿದ್ದಾರೆ, ಸುರಿದುಬಿಡಲಾ ಅಂತ ಕೇಳಿದ್ದೀರಿ. ಸುರಿಯಬೇಡಿ. ಮೊದಲು ಒಂದನ್ನು ತೆರೆದು ನೋಡಿ. ಆದರೆ ಆ ಒಂದನ್ನು ನೋಡಿ ಉಳಿದ ಮೂರರ ಹಣೆಬರಹ ಬರೆಯಬೇಡಿ.

ಹೀಗೆ ಹೇಳುವುದಕ್ಕೆ ಕಾರಣ ಇದೆ. ನನ್ನ ಹತ್ತಿರ 2010ರ ಕೊಯ್ಲಿನ ಆರು ಬಾಟಲಿ ಇದ್ದವು. ಫ್ರಾನ್ಸಿನ ಬರ್ಗಂಡಿ ಸೀಮೆಯ ಮ್ಯೂರ್ಸೊ ಊರಿನವು, ಅವೂ ಶಾರ್ಡೊನೇ, ಒಂದೇ ಪೆಟ್ಟಿಗೆ. ಯಾರು ಮಾಡಿದ್ದು ಅನ್ನುವುದು ಬೇಡ. ನಾಲ್ಕನೇ ವರ್ಷ ಮೊದಲನೆಯದನ್ನು ತೆರೆದೆ. ಬಾಯಿ ಬಿಗಿದುಕೊಂಡು ಕೂತಿತ್ತು, ಹುಳಿ ಮತ್ತು ಮರ ಬಿಟ್ಟರೆ ಬೇರೇನೂ ಸಿಗಲಿಲ್ಲ. ಆರನೇ ವರ್ಷ ಎರಡನೆಯದು. ಅಬ್ಬಾ! ಜೇನು, ಹುರಿದ ಬೀಜದ ಘಮ, ಕೊನೆಯಲ್ಲಿ ನಿಂಬೆ ಸಿಪ್ಪೆಯ ಸಣ್ಣ ಕಹಿ. ಗೆಳೆಯರನ್ನು ಕರೆಯದೆ ಒಬ್ಬನೇ ತೆರೆದೆನಲ್ಲ ಅಂತ ಬೇಜಾರಾಯಿತು.

ಅದಕ್ಕೇ ಎಂಟನೇ ವರ್ಷ ನಾಲ್ಕು ಜನರನ್ನು ಕರೆದು ಒಟ್ಟಿಗೆ ಎರಡು ತೆರೆದೆ. ಎರಡು ಲೋಟಕ್ಕೆ ಬಗ್ಗಿಸಿ ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಇಟ್ಟೆವು. ಒಂದು ತಿಳಿ ಹೊಂಬಣ್ಣ, ಅಂಚಿನಲ್ಲಿ ಇನ್ನೂ ಚೂರು ಹಸಿರು. ಇನ್ನೊಂದು ಹಾಲು ಹಾಕದ ಟೀ ಇದ್ದ ಹಾಗೆ. ಮೂಗಿಗೆ ಹಿಡಿದರೆ, ಕತ್ತರಿಸಿ ಮರೆತುಬಿಟ್ಟ ಸೇಬಿನ ವಾಸನೆ. ಬಾಯಲ್ಲಿ ಏನೂ ಇಲ್ಲ, ಸುಮ್ನೆ ಹುಳಿ ನೀರು. ಎರಡೂ ಒಂದೇ ಪೆಟ್ಟಿಗೆಯವು, ಒಂದೇ ಕಪಾಟಿನಲ್ಲಿ ಎಂಟು ವರ್ಷ ಒಂದರ ಮಗ್ಗುಲಲ್ಲಿ ಒಂದು ಮಲಗಿದ್ದವು.

ಬರ್ಗಂಡಿಯ ಬಿಳಿ ವೈನ್ ಇಡುವವರಿಗೆ ಇದು ಹಳೆಯ ತಲೆನೋವು. ಇದಕ್ಕೆ ಪ್ರೀಮಾಕ್ಸ್ ಅಂತಾರೆ, ಅಂದರೆ ಹೊತ್ತಿಗೆ ಮುಂಚೆಯೇ ಗಾಳಿ ತಾಗಿ ಮುಪ್ಪಾಗುವುದು. 1995 ಮತ್ತು 1996ರ ಕೊಯ್ಲಿನ ದೊಡ್ಡ ದೊಡ್ಡ ವೈನುಗಳು ಹದಿನೈದು ಇಪ್ಪತ್ತು ವರ್ಷ ಬಾಳುತ್ತವೆ ಅಂತ ಜನ ಇಟ್ಟುಕೊಂಡಿದ್ದರು. 2000ದ ನಂತರ ತೆರೆಯಲು ಶುರು ಮಾಡಿದರೆ ಕೆಲವು ಆಗಲೇ ಕಂದು. ಎಲ್ಲವೂ ಕೆಟ್ಟಿದ್ದರೆ ಇಷ್ಟು ಗಲಾಟೆ ಆಗುತ್ತಿರಲಿಲ್ಲವೇನೋ. ಒಂದು ಪೆಟ್ಟಿಗೆಯಲ್ಲಿ ಮೂರು ಸತ್ತು ಒಂಬತ್ತು ಚೆನ್ನಾಗಿದ್ದರೆ ಯಾರನ್ನು ಬೈಯುವುದು?

ಕಾರಣ ಒಂದೇ ಅಲ್ಲ. ವೈನಿಗೆ ಹಾಕುವ ಸಲ್ಫರ್ ಡೈಆಕ್ಸೈಡ್ ಕಡಿಮೆ ಮಾಡಿದ್ದರು. ಪೀಪಾಯಿಯಲ್ಲಿ ತಳದ ಗಸಿಯನ್ನು ಕೋಲಿನಿಂದ ಕದಡುವುದು ಜಾಸ್ತಿಯಾಗಿತ್ತು, ಕದಡಿದಾಗಲೆಲ್ಲ ಗಾಳಿ ಒಳಗೆ ಹೋಗುತ್ತೆ. ದ್ರಾಕ್ಷಿಯನ್ನು ತೀರಾ ಮೆತ್ತಗೆ ಹಿಂಡತೊಡಗಿದ್ದೂ ಕಾರಣ ಅನ್ನುವವರಿದ್ದಾರೆ. ಆದರೆ ಅಕ್ಕಪಕ್ಕದ ಬಾಟಲಿಗಳ ನಡುವೆ ಇಷ್ಟು ವ್ಯತ್ಯಾಸ ಇದೆ ಅಂದರೆ ನನ್ನ ಬೆರಳು ಬಿರಡೆಯ ಕಡೆಗೇ ಹೋಗುತ್ತೆ. ಕಾರ್ಕ್ ಮರದ ತೊಗಟೆ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ಚೂರೇ ಚೂರು ಗಾಳಿ ಬಿಡುತ್ತೆ, ಇನ್ನೊಂದು ಅದಕ್ಕಿಂತ ಹಲವು ಪಟ್ಟು ಬಿಡುತ್ತೆ.

ಒಳಗೆ ಆಗುವುದಿಷ್ಟು. ಬಂದ ಗಾಳಿಯ ಏಟನ್ನು ಸಲ್ಫರ್ ತಡೆದುಕೊಳ್ಳುತ್ತಾ ಹೋಗುತ್ತೆ. ಅದು ಖರ್ಚಾದ ಮೇಲೆ ಕಾವಲು ಇಲ್ಲ. ಆಲ್ಕೋಹಾಲ್ ಸ್ವಲ್ಪ ಸ್ವಲ್ಪವೇ ಅಸಿಟಾಲ್ಡಿಹೈಡ್ ಆಗುತ್ತೆ, ಆ ಸೇಬಿನ ವಾಸನೆ ಅದರದು. ಬಣ್ಣ ಕಂದಾಗುತ್ತೆ. ಇನ್ನೂ ಮುಂದೆ ಹೋದರೆ ಸೊಟೊಲಾನ್ ಅನ್ನುವ ವಸ್ತು ಏಳುತ್ತೆ. ಮೆಂತ್ಯದ ಕಾಳಿಗೆ ಆ ಘಮ ಕೊಡುವುದು ಇದೇ. ಹಾಗಾಗಿ ನಿಮ್ಮ ಲೋಟದಲ್ಲಿ ಮೆಂತ್ಯ ಘಮಿಸಿದರೆ ಭ್ರಮೆ ಅಂದುಕೊಳ್ಳಬೇಡಿ. (ಫ್ರಾನ್ಸಿನ ಜುರಾ ಕಡೆ ವ್ಯಾಂ ಜೋನ್ ಅಂತ ಒಂದು ವೈನ್ ಇದೆ. ಆರು ವರ್ಷಕ್ಕೂ ಮೀರಿ ಪೀಪಾಯಿಯಲ್ಲಿಟ್ಟು ಬೇಕೆಂತಲೇ ಈ ಘಮ ಬರಿಸುತ್ತಾರೆ. ಅಲ್ಲಿ ಅದು ಗುಣ, ಇಲ್ಲಿ ಅದೇ ದೋಷ.)

ಈಗ ನಿಮ್ಮ ಬಾಟಲಿಗಳ ವಿಷಯ. ಚಿನ್ನದ ಬಣ್ಣಕ್ಕೆ ಹೆದರಬೇಡಿ. ಕೆಂಪು ವೈನ್ ವಯಸ್ಸಾದಂತೆ ತಿಳಿಯಾಗುತ್ತೆ, ಬಿಳಿಯದು ಗಾಢವಾಗುತ್ತೆ. ಹನ್ನೊಂದು ವರ್ಷಕ್ಕೆ ಚಿನ್ನದ ಬಣ್ಣ ಸಹಜವೇ. ನಾಲ್ಕನ್ನೂ ಬೆಳಕಿಗೆ ಹಿಡಿದು ಹೋಲಿಸಿ ನೋಡಿ, ಒಂದು ಮಾತ್ರ ಉಳಿದವಕ್ಕಿಂತ ಕಪ್ಪಗಿದ್ದರೆ ಅದರ ಮೇಲೆ ಅನುಮಾನ ಪಡಿ. ಕುತ್ತಿಗೆಯಲ್ಲಿ ವೈನಿನ ಮಟ್ಟ ಇಳಿದಿದ್ದರೂ ಅಷ್ಟೇ. ತಳದಲ್ಲಿ ಸಕ್ಕರೆ ಹರಳಿನ ಹಾಗೆ ಏನಾದರೂ ಕಂಡರೆ ಅದು ದ್ರಾಕ್ಷಿಯದೇ ಟಾರ್ಟಾರಿಕ್ ಹುಳಿಯಿಂದ ಆದ ಹರಳು, ಏನೂ ತೊಂದರೆಯಿಲ್ಲ.

ಯಾವ ಥರದ ಶಾರ್ಡೊನೇ ಅಂತ ನೀವು ಹೇಳಿಲ್ಲ. ಅದೇ ಮುಖ್ಯ. ಅಂಗಡಿಯಲ್ಲಿ ಸಿಗುವ ಶಾರ್ಡೊನೇಯಲ್ಲಿ ಹೆಚ್ಚಿನವು ಎರಡು ಮೂರು ವರ್ಷದೊಳಗೆ ಕುಡಿಯಲೆಂದೇ ಮಾಡಿದವು. ಅವನ್ನು ಎಷ್ಟು ಒಳ್ಳೆಯ ನೆಲಮಾಳಿಗೆಯಲ್ಲಿಟ್ಟರೂ ಉದ್ಧಾರ ಆಗುವುದಿಲ್ಲ. ಬಾಳಿಕೆ ಕೊಡುವುದು ಹುಳಿ. ಓಕ್ ಪೀಪಾಯಿ ಜಾಸ್ತಿ ತಾಗಿದಷ್ಟೂ ಜಾಸ್ತಿ ದಿನ ಇರುತ್ತೆ ಅಂತ ನಾನೂ ನಂಬಿದ್ದೆ. ಬೆಣ್ಣೆ, ವೆನಿಲ್ಲಾ ಅಂತ ಮೆರೆಯುತ್ತಿದ್ದ, ಬಿಸಿಲು ನಾಡಿನ ಒಂದು ಬಾಟಲಿಯನ್ನು ಒಂಬತ್ತು ವರ್ಷ ಕಾದು ತೆರೆದ ದಿನ ಆ ನಂಬಿಕೆ ಹೋಯಿತು. ಹಣ್ಣು ಹೋಗಿತ್ತು, ಹಲಗೆ ಉಳಿದಿತ್ತು. ಅದೇ ಫ್ರಾನ್ಸಿನ ಶಾಬ್ಲಿ ಕಡೆಯ ಶಾರ್ಡೊನೇ ನೋಡಿ. ತಂಪು ನಾಡು, ಸುಣ್ಣದ ನೆಲ, ಎಷ್ಟೋ ವೈನುಗಳಿಗೆ ಹೊಸ ಓಕ್ ಸೋಕುವುದೇ ಇಲ್ಲ. ಆದರೂ ಅಲ್ಲಿನ ಗ್ರಾಂ ಕ್ರು, ಅಂದರೆ ಅತಿ ಮೇಲ್ದರ್ಜೆಯ ತೋಟಗಳ ವೈನ್, ಹತ್ತು ಹದಿನೈದು ವರ್ಷ ಆರಾಮಾಗಿ ನಿಲ್ಲುತ್ತೆ. ಆಸ್ಟ್ರೇಲಿಯಾದ ಮಾರ್ಗರೆಟ್ ರಿವರ್ ಕಡೆಯ ಒಳ್ಳೆಯ ಬಾಟಲಿಗಳೂ ಹತ್ತು ವರ್ಷ ದಾಟುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ತಿರುಪು ಮುಚ್ಚಳ ಇರುವುದರಿಂದ ಬಿರಡೆಯ ಲಾಟರಿಯೂ ಇಲ್ಲ. ನಿಮ್ಮದಕ್ಕೂ ತಿರುಪು ಮುಚ್ಚಳ ಇದ್ದರೆ ನಾಲ್ಕೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ನನ್ನ ಅರ್ಧ ಉಪದೇಶ ಮರೆತುಬಿಡಿ.

ನೆಲಮಾಳಿಗೆ 12–13 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದ್ದು, ಕತ್ತಲಾಗಿದ್ದು, ಬೇಸಿಗೆ ಚಳಿಗಾಲಕ್ಕೆ ತೀರಾ ಏರಿಳಿಯದಿದ್ದರೆ ಸಾಕು. ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ತೆರೆಯುವ ಹಿಂದಿನ ದಿನ ಬಾಟಲಿ ನೆಟ್ಟಗೆ ನಿಲ್ಲಿಸಿ. ಹಳೆಯ ಬಿರಡೆ ಮಧ್ಯದಲ್ಲೇ ಮುರಿಯುತ್ತೆ, ನಿಧಾನ. ಫ್ರಿಜ್ಜಿನಿಂದ ತೆಗೆದ ತಕ್ಷಣ ಕುಡಿಯಬೇಡಿ, ಅಷ್ಟು ತಣ್ಣಗಿದ್ದರೆ ಹಳೆಯ ವೈನ್ ಏನೂ ಹೇಳುವುದಿಲ್ಲ. ನೆಲಮಾಳಿಗೆಯ ತಂಪೇ ಸರಿ. ಮೊದಲ ಗುಟುಕಿಗೆ ತೀರ್ಪು ಕೊಡಬೇಡಿ, ಲೋಟದಲ್ಲಿ ಅರ್ಧ ಗಂಟೆ ಬಿಡಿ. ಗೀರಿದ ಬೆಂಕಿಕಡ್ಡಿಯ ವಾಸನೆ ಬಂದರೆ ಅದು ಗಾಳಿಗೆ ಕಡಿಮೆಯಾಗುತ್ತೆ, ಎಷ್ಟೋ ಜನಕ್ಕೆ ಅದು ಇಷ್ಟ ಕೂಡ. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಬಿರಡೆಯ ರೋಗ, ಕಾದಷ್ಟೂ ಜೋರಾಗುತ್ತೆ. ಸೇಬಿನ ವಾಸನೆಯೂ ಹೋಗುವುದಿಲ್ಲ.

ಮೊದಲನೆಯದು ಚೆನ್ನಾಗಿದ್ದರೆ ಉಳಿದವನ್ನು ಒಂದೆರಡು ವರ್ಷದೊಳಗೆ ಮುಗಿಸಿ, ಇನ್ನೂ ಚೆನ್ನಾಗುತ್ತೆ ಅಂತ ಕಾಯುವ ಆಸೆ ಬೇಡ. ಕೆಟ್ಟಿದ್ದರೆ ಅದೇ ಸಂಜೆ ಎರಡನೆಯದನ್ನೂ ತೆರೆಯಿರಿ. ಅದೂ ಹಾಗೇ ಇದ್ದರೆ ಉಳಿದೆರಡನ್ನು ಅಡುಗೆಗೆ ಇಟ್ಟುಕೊಳ್ಳಿ. ಗಾಳಿ ತಾಗಿದ ವೈನ್ ಬಾಣಲೆಯಲ್ಲಿ ಪರವಾಗಿಲ್ಲ, ಒದ್ದೆ ರಟ್ಟಿನದು ಮಾತ್ರ ಅಲ್ಲಿಗೂ ಬೇಡ. ಚೆನ್ನಾಗಿರುವ ಬಾಟಲಿಯನ್ನು ಅರ್ಧ ಉಳಿಸಿ ನಾಳೆಗೆ ಇಡಬೇಡಿ. ಈ ವಯಸ್ಸಿಗೆ ಅದು ರಾತ್ರಿ ಕಳೆಯುವಷ್ಟರಲ್ಲಿ ಸೊರಗಿರುತ್ತೆ. ಇಬ್ಬರು ಮೂವರನ್ನು ಕರೆಯಿರಿ.