ಅಂತೂ ಆತು, ಕಡೀಕ ಆತು: ಚೀನೀ ಭಾಷಾದಾಗ ಬ್ಯಾರೆ ಬ್ಯಾರೆ

ಪ್ರಶ್ನೆ: ನಮ್ದು ತೊಗರಿ ಬ್ಯಾಳಿ ಮಿಲ್ ಅದರಿ. ಬಣ್ಣ ನೋಡಿ ಕಾಳು ಆರಿಸೋ ಕಲರ್ ಸಾರ್ಟರ್ ಮಷಿನ್ ಚೀನಾದ ಹೆಫೆಯ್ ಊರಿಂದ ತರ್ಸೀವಿ, ಅಲ್ಲಿ ಸರ್ವಿಸ್ ಹುಡುಗನ ಜೋಡಿ ನಾನೇ ಹರಕು ಮುರುಕು ಚೀನೀದಾಗ ಚಾಟ್ ಮಾಡ್ತೀನಿ. ಮೊನ್ನಿ ‘ಏರ್ ವಾಲ್ವ್ ಕೊನೆಗೂ ಕೆಡ್ತು’ ಅನ್ಲಾಕ ‘ಝೋಂಗ್‌ಯು’ ಅಂತ ಹಾಕಿ ಕಳಸ್ದೆ, ಅಂವ ನಗೋ ಇಮೋಜಿ ಹಾಕ್ದ. ಡಿಕ್ಷನರಿಯಾಗ ಅದೇ ಅರ್ಥ ಅದ ಅಲ್ರಿ?
(ದಾಲ್ ಮಿಲ್ ಮಾಲೀಕರು, ಕಲಬುರಗಿ)

ಉತ್ತರ: ನಗದೆ ಏನ್ ಮಾಡ್ತಾನ್ರಿ ಅಣ್ಣಾರ! ‘ಝೋಂಗ್‌ಯು’ ಅಂದ್ರ ಕಾದು ಕಾದು ಅಂತೂ ಆತು ಅನ್ನೋದು, ಅದೂ ಹೆಚ್ಚಾಗಿ ನಮಗ ಬೇಕಾಗಿದ್ದು ಆದಾಗ. ಮಳಿ ಬಂತು, ಸಾಲ ತೀರ್ತು, ಹುಡುಗ ಪಾಸಾದ, ಇಂಥಲ್ಲಿ. ನಿಮ್ಮ ಮೆಸೇಜ್ ಓದಿದವ್ರಿಗಿ ನೀವು ವಾಲ್ವ್ ಯಾವಾಗ ಕೆಡ್ತದೋ ಅಂತ ಹಾದಿ ಕಾಯ್ತಿದ್ರಿ, ಈಗ ಪೇಢಾ ಹಂಚ್ಲಾಕ ಹೊಂಟೀರಿ ಅಂದಂಗ ಕೇಳಸ್ತದ. ಭಾಳ ದಿನ ನರಳಿ ತೀರಿಕೊಂಡ ಅಂತ ಬರೆಯುವಾಗ ಕಥಿಯೊಳಗ ಇದೇ ಶಬ್ದ ಬರೋದುಂಟು, ಆದ್ರ ಅಲ್ಲಿ ಎಳದಾಡಿದ್ದು ಮುಗೀತು ಅನ್ನೋದೇ ಮುಖ್ಯ.

ನಿಮಗ ಬೇಕಾಗಿದ್ದು ‘ಜಿಯೆಗ್ವೊ’. ಅಕ್ಷರಶಃ ಫಲ ಬಿಡೋದು, ನಾವು ‘ಮಾಡಿದ್ದಕ್ಕ ಫಲ’ ಅಂತೀವಲ್ಲ ಹಂಗೇ, ಮತ್ತ ಮಾತಿನೊಳಗ ಬಂದ್ರ ಬಹಳ ಸಲ ಮುಂದ ಕೆಟ್ಟ ಸುದ್ದೀನೇ ಇರ್ತದ. ಮೂರು ಸಲ ಕ್ಲೀನ್ ಮಾಡಿದ್ವಿ, ಜಿಯೆಗ್ವೊ ಕೆಟ್ಟೇ ಹೋಯ್ತು. ಬರೇ ವರದಿ ಹೇಳೋದಿದ್ರ ‘ಜ್ವೆಹೌ’ ಹಾಕ್ರಿ, ಅದು ನಮ್ ‘ಕಡೀಕ’, ಖುಷಿನೂ ಇಲ್ಲ ದುಃಖನೂ ಇಲ್ಲ. ಬಿಡಿಭಾಗ ಬಂದು ಮಷಿನ್ ಚಾಲೂ ಆದ ದಿನ ‘ಝೋಂಗ್‌ಯು’ ಕಳಸ್ರಿ, ಇಲ್ಲಾ ‘ಜೊಂಗ್‌ಸ್ವಾನ್’ ಅನ್ರಿ, ಅದ್ರಾಗ ಅಂತೂ ಇಂತೂ ಪಾರಾದ್ವಿ ಅನ್ನೋ ಉಸಿರೂ ಕೂಡಿರ್ತದ.

ಪ್ರಶ್ನೆ: ‘ದಾವ್‌ದಿ’ ಅಂದ್ರ ಕೊನೆಗೆ ಅಂತ ಆ್ಯಪ್‌ನಾಗ ಅದ, ಸೀರಿಯಲ್‌ನಾಗ ನೋಡಿದ್ರ ಜಗಳದಾಗ ಬರ್ತದ, ಯಾಕ?
(ವಿದ್ಯಾರ್ಥಿನಿ, ಬೀದರ್)

ಉತ್ತರ: ತಂಗಿ, ಅದು ತಳದ ತನಕ ಅನ್ನೋ ಶಬ್ದ. ಪ್ರಶ್ನಿ ಜೋಡಿ ಬಂದ್ರ ನಮ್ ‘ಅಷ್ಟಕ್ಕೂ’. ‘ನಿ ದಾವ್‌ದಿ ಛ್ಯು ಬು ಛ್ಯು’ ಅಂದ್ರ ‘ಅಷ್ಟಕ್ಕೂ ನೀ ಹೋಗ್ತಿಯೋ ಇಲ್ಲೋ’. ವಾಕ್ಯದ ಕಡೀಕ ‘ಮಾ’ (ಹೌದೋ ಅಲ್ಲೋ ಕೇಳೋ ಶಬ್ದ) ಹಚ್ಚೋ ಪ್ರಶ್ನಿಗಿ ಮಾತ್ರ ಇದು ಕೂಡೂದಿಲ್ಲ. ‘ಬಿಜಿಂಗ್’ ಅಂತ ಇನ್ನೊಂದು ಅದ, ಊರಿನ ಹೆಸರಲ್ಲ ಮತ್ತ, ಅದು ‘ಎಷ್ಟಂದ್ರೂ’: ಎಷ್ಟಂದ್ರೂ ಸಣ್ಣ ಹುಡುಗ, ಬಿಡ್ರಿ.

ಪ್ರಶ್ನೆ: ಕಡೀಕ ನಿಜ ಹೊರಗ ಬರೋದರ ಮ್ಯಾಲ ಚೀನೀ ನುಡಿಗಟ್ಟು ಅದಾವೇನ್ರಿ? ಸಾಲಿ ಹುಡುಗ್ರಿಗಿ ಹೇಳ್ಬೇಕು.
(ಮಾಸ್ತರರು, ಯಾದಗಿರಿ)

ಉತ್ತರ: ‘ಶ್ವೇ ಲ್ವೋ ಶಿ ಚು’, ನೀರು ಇಳೀತು ಕಲ್ಲು ಕಂಡ್ವು. ಸು ಶಿ ಅನ್ನೋ ಕವಿ 1082ರಾಗ ಕೆಂಪು ಬಂಡೆಗಲ್ಲಿನ ಹತ್ರ ದೋಣಿಯಾಗ ಹೋದದ್ದು ಬರೆಯುವಾಗ ಬರೇ ಹೊಳಿ ನೋಟಕ್ಕ ಇದನ್ನ ಹೇಳಿದ್ದ, ಬ್ಯಾಸಗ್ಯಾಗ ಮಳಖೇಡದ ಕಾಗಿಣಾ ನೋಡಿದವ್ರಿಗಿ ಅರ್ಥ ಬಿಡಿಸಿ ಹೇಳ್ಬೇಕಾಗಿಲ್ಲ. ಈಗ ಪೊಲೀಸ್ ಕೇಸಿಗೂ ಬಳಸ್ತಾರ.

ಆದ್ರ ಹುಡುಗ್ರಿಗಿ ಹೇಳ್ಲಾಕ ‘ತು ಛ್ಯೋಂಗ್ ಬಿ ಶಿಯೆನ್’ ಬೇಕ್ರಿ, ನಕ್ಷಾ ಮುಗೀತು, ಚೂರಿ ಕಂಡ್ತು. ಕ್ರಿ.ಪೂ. 227ರಾಗ ಯಾನ್ ರಾಜ್ಯದಿಂದ ಜಿಂಗ್ ಕ ಅಂಬಾಂವ ಛಿನ್ ರಾಜ್ಯದ ರಾಜನ್ನ ಕೊಲ್ಲಾಕ ಹೋದ. ಕಾಣಿಕಿ ಏನು? ರಾಜನ ಸೇನಾದಿಂದ ಓಡಿ ಬಂದಿದ್ದ ದಳಪತಿಯ ತಲಿ, ಮತ್ತ ಬಿಟ್ಟುಕೊಡೋ ಭೂಮಿದು ಸುತ್ತಿಟ್ಟ ನಕ್ಷಾ. ರಾಜ ಬಿಚ್ಚುತ್ತ ಬಿಚ್ಚುತ್ತ ಹೋದ, ಕಡೀ ಸುತ್ತಿನೊಳಗ ವಿಷ ಹಚ್ಚಿದ ಚೂರಿ! ಜಿಂಗ್ ಕ ರಾಜನ ತೋಳು ಹಿಡದ, ಅಂಗಿ ತೋಳು ಹರೀತು, ರಾಜ ಕಂಬ ಸುತ್ತಿ ಓಡ್ತಾನ, ಕತ್ತಿ ಉದ್ದ ಆಗಿ ಒರಿಯೊಳಗಿಂದ ಬರವಲ್ದು, ವೈದ್ಯ ಔಷಧದ ಚೀಲನೇ ಒಗದ. ‘ಬೆನ್ನಿಗಿ ಸರಸ್ರಿ’ ಅಂತ ಮಂದಿ ಒದರಿದ ಮ್ಯಾಲ ಕತ್ತಿ ಬಂತು, ಜಿಂಗ್ ಕ ಸತ್ತ. ಅದೇ ರಾಜ ಕ್ರಿ.ಪೂ. 221ರಾಗ ಚೀನಾದ ಮೊದಲ ಸಾಮ್ರಾಟ ಆದ.

ನಯ ಮಾತಾಡಿ ಕಡೀಕ ಹೊಟ್ಟಿಯೊಳಗಿಂದು ತೋರಿಸೋರಿಗಿ ಇವತ್ತೂ ಇದನ್ನೇ ಅಂತಾರ. ಒಂದು ನೆನಪಿಡ್ರಿ, ಕಡೀ ಅಕ್ಷರ ಬ್ಯಾರೆ ಕಡಿ ‘ಜಿಯೆನ್’, ಇಲ್ಲಿ ಮಾತ್ರ ‘ಶಿಯೆನ್’ ಅಂತ ಓದಸ್ರಿ.